ಕಾಕಿಯ ಎರಡು ಹಲ್ಲು

ಅವತ್ತು ಕಮಲಾಪುರದಲ್ಲಿ ನಡೆದದ್ದೇನು ಎಂದು ಪೂರ್ತಿಯಾಗಿ ಹೇಳಲಾರೆ. ಪಕ್ಕದ ಮನೆಯ ಕಾಕಿಯ ಹಲ್ಲು ಕಿತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬಹಳ ವರ್ಷ ನಂಬಿದ್ದೆ. ಒಂದು ಹಿತ್ತಾಳೆ ತಾಟು, ಅದರಲ್ಲಿ ಕೆಂಪು ನೀರು, ನೀರಿನ ತಳದಲ್ಲಿ ಬೆಳ್ಳಗಿನ ಎರಡು ಚೂರು. ಚಿತ್ರ ಇಷ್ಟೇ. ಅದರಲ್ಲಿ ಕಾಕಿಯ ಮುಖವಿಲ್ಲ, ಅವಳು ಚೀರಿದ ಸದ್ದಿಲ್ಲ, ತಾಟು ಹಿಡಿದ ಕೈ ಯಾರದೆಂದು ಗೊತ್ತಿಲ್ಲ. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ನೆನಪು ಇಟ್ಟಲ್ಲೇ ಇರುವ ವಸ್ತುವಲ್ಲ, ಹೊರಗೆ ತೆಗೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ ಎಂದು ಪ್ರತಿ ವರ್ಷ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪಾಠ ಹೇಳಿ ಮನೆಗೆ ಬಂದು ಆ ತಾಟನ್ನು ಮಾತ್ರ ನಂಬುತ್ತಿದ್ದೆ.

ನನ್ನನ್ನು ಸಾಕಿದವಳು ದೊಡ್ಡವ್ವ, ಅಂದರೆ ಅವ್ವನ ಅಕ್ಕ. ಅವ್ವ ಬೇಗ ತೀರಿಕೊಂಡಳು. ಅಪ್ಪ ಕಲಬುರಗಿಯ ದಾಲ್ ಮಿಲ್ಲಿನಲ್ಲಿ ದುಡಿಯುತ್ತಿದ್ದ, ಮಗುವನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಕಮಲಾಪುರದ ದೊಡ್ಡವ್ವನ ಮನೆಯಲ್ಲಿ, ಅವಳ ಮಗಳ ಜೊತೆ ಬೆಳೆದೆ. ಆ ಮಗಳನ್ನು ಅಕ್ಕ ಎನ್ನುತ್ತೇನೆ. ಬಾಗಿಲಿಗೆ ಬಂದವರು ಯಾರೇ ಇರಲಿ, ದೊಡ್ಡವ್ವ ರೊಟ್ಟಿ ಕೊಡದೆ ಕಳಿಸಿದ್ದು ನಾನು ನೋಡಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಮನೆಯ ಪೂರ್ವಕ್ಕೆ ಎದೆಯೆತ್ತರದ ಕಲ್ಲಿನ ಗೋಡೆ. ಆಚೆ ಕಾಕಿಯ ಮನೆ. ಅವಳು ಬೇರೆ ಊರಿನಿಂದ ಬಂದವಳು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ, ಒಬ್ಬ ಮಗ. ಒಂದು ಮನೆಯಲ್ಲಿ ಮೊಸರು ಮುಗಿದರೆ ಇನ್ನೊಂದು ಮನೆಯಿಂದ ಹೆಪ್ಪು ಬರುತ್ತಿತ್ತು. ಖಾಲಿ ಬಟ್ಟಲು ಗೋಡೆಯ ಮೇಲೆ ಇಟ್ಟರೆ ಸಾಕು, ಕೂಗಬೇಕಾಗಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಕ್ಕನ ಬಟ್ಟೆಗಳು ಸುಡತೊಡಗಿದವು. ಒಣಹಾಕಿದ ಲಂಗದಲ್ಲಿ ಸುಟ್ಟ ತೂತು, ಟ್ರಂಕಿನಲ್ಲಿ ಮಡಿಸಿಟ್ಟ ಜಂಪರಿನಲ್ಲಿ ತೂತು. ಬೇರೆ ಯಾರ ಬಟ್ಟೆಗೂ ಏನೂ ಆಗುತ್ತಿರಲಿಲ್ಲ. ನಮ್ಮ ಕಡೆ ಇದಕ್ಕೆ ಹೆಸರು ಹುಡುಕಬೇಕಾಗಿಲ್ಲ. ಬಾನಾಮತಿ ಎನ್ನುತ್ತಾರೆ. ಯಾರೋ ಮಂತ್ರ ಹಾಕಿ ದೂರದಿಂದಲೇ ಮಾಡುವ ಮಾಟ. ಮನೆಗೆ ಬರುತ್ತಿದ್ದ ಅಯ್ಯನವರು ಇದು ಹಿಂದಿನ ಜನ್ಮದ ಕರ್ಮ, ಪೂಜೆ ಮಾಡಿಸಿ, ತಾಳ್ಮೆಯಿಂದ ಇರಿ ಎಂದರು. ನೋಡಿ ಹೇಳುವವನೊಬ್ಬ ಬೇರೆ ಊರಿನಿಂದ ಬಂದ. ಅವನಿಗೆ ತಾಳ್ಮೆ ಇರಲಿಲ್ಲ. ಮೂಡಣ ದಿಕ್ಕಿನ ಮನೆ ಎಂದು ಕೈ ತೋರಿಸಿ ಹೋದ.

ಬಾನಾಮತಿ ಮಾಡುವವರ ಮುಂದಿನ ಹಲ್ಲು ಕೀಳಬೇಕೆಂದು ಆಗ ಜನ ನಂಬುತ್ತಿದ್ದರು. ಹಲ್ಲಿಲ್ಲದ ಬಾಯಿಂದ ಮಂತ್ರ ಸರಿಯಾಗಿ ಹೊರಡುವುದಿಲ್ಲ, ತಪ್ಪು ಹೊರಟ ಮಂತ್ರ ಕೆಲಸ ಮಾಡುವುದಿಲ್ಲ ಎಂಬ ತರ್ಕ. ಒಂದು ಮಧ್ಯಾಹ್ನ ಜನ ಕಾಕಿಯ ಅಂಗಳದಲ್ಲಿ ಸೇರಿದರು. ಅಲ್ಲಿಂದ ಮುಂದೆ ನನಗೆ ಇರುವುದು ಆ ತಾಟು ಒಂದೇ. ಕೆಲವು ತಿಂಗಳಲ್ಲಿ ಕಾಕಿ ಮಗನನ್ನು ಕರೆದುಕೊಂಡು ಊರು ಬಿಟ್ಟಳು.

ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಎಲ್ಲಕ್ಕೂ ಒಂದು ವಿವರಣೆ ಸಿಕ್ಕಿತು. ಅಕ್ಕನನ್ನು ಆ ವರ್ಷ ಶಾಲೆ ಬಿಡಿಸಿದ್ದರು, ಲಗ್ನದ ಮಾತು ನಡೆದಿತ್ತು. ಬಾಯಿ ಬಿಟ್ಟು ಬೇಡ ಎನ್ನಲಾರದ ಹುಡುಗಿ ತನಗೇ ತಿಳಿಯದಂತೆ ತನ್ನ ಬಟ್ಟೆ ಸುಟ್ಟುಕೊಂಡಿರಬಹುದು. ಭಯಗೊಂಡ ಮನೆಯವರಿಗೆ ಆ ಭಯವನ್ನು ಇಳಿಸಲು ಒಂದು ಜಾಗ ಬೇಕಾಗಿತ್ತು, ದಿಕ್ಕಿಲ್ಲದ ವಿಧವೆ ಆ ಜಾಗವಾದಳು. ಕೆಡುಕು ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ಜನರ ನಂಬಿಕೆಗಳನ್ನೇ ಹಿಡಿದು ಪಿಎಚ್.ಡಿ. ಮಾಡಲು ಹೊರಟೆ. ಕರ್ಮ ಒಂದು ಅಧ್ಯಾಯ, ಆತ್ಮಕ್ಕೆ ಅಂಟುವ ಮಲ ಮತ್ತು ಮಾಯೆ ಒಂದು ಅಧ್ಯಾಯ, ಶೈತಾನ ಒಂದು, ಅದುಮಿಟ್ಟ ಮನಸ್ಸು ಇನ್ನೊಂದು. ಅಧ್ಯಾಯಗಳು ಚೆನ್ನಾಗಿಯೇ ಇದ್ದವು. ದೊಡ್ಡವ್ವ ಮಾತ್ರ ಯಾವುದರಲ್ಲಿಯೂ ಕೂಡುತ್ತಿರಲಿಲ್ಲ. ಕರ್ಮವೆಂದರೆ ಅವಳ ತಪ್ಪೇ ಇಲ್ಲವಾಗುತ್ತಿತ್ತು, ಭಯವೆಂದರೂ ಹಾಗೆಯೇ. ತಪ್ಪು ಅವಳದೇ ಎಂದರೆ ನನಗೆ ರೊಟ್ಟಿ ಮುರಿದು ಕೊಡುತ್ತಿದ್ದ ಕೈಯನ್ನು ಏನು ಮಾಡಲಿ? ಪಿಎಚ್.ಡಿ. ಅರ್ಧಕ್ಕೆ ನಿಂತಿತು. ಗೈಡ್ ಸರಿ ಇರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ.

ಹೋದ ವರ್ಷ ದೊಡ್ಡವ್ವನ ಮುಂದಿನ ಹಲ್ಲುಗಳು ಕೀವು ತುಂಬಿ ಬಾತವು. ಅವಳು ಈಗ ಅಕ್ಕನ ಜೊತೆ ಕಮಲಾಪುರದಲ್ಲೇ ಇದ್ದಾಳೆ. ಅಕ್ಕ ಲಗ್ನವಾದ ಮೇಲೆ ಹಟದಿಂದ ಓದಿ ಶಿಕ್ಷಕಿಯಾದವಳು. ಜ್ವರ ಬಿಡದಾದಾಗ ಕಲಬುರಗಿಗೆ ಕರೆತಂದಳು. ನಾನೂ ಹಲ್ಲಿನ ದವಾಖಾನೆಗೆ ಹೋದೆ. ಸಕ್ಕರೆ ಕಾಯಿಲೆ ಬೇರೆ ಇದೆ, ಕೀವು ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ, ಹಲ್ಲು ತೆಗೆಯಲೇಬೇಕು ಎಂದರು ಡಾಕ್ಟರು. ದೊಡ್ಡವ್ವ ಕುರ್ಚಿಯಲ್ಲಿ ಕೂತಳು. ಇಕ್ಕಳ ಕಂಡದ್ದೇ ಬಾಯಿ ಮುಚ್ಚಿದಳು.

“ದೊಡ್ಡವ್ವಾ, ಬಾಯಿ ತಗೀ. ಇಂಜಕ್ಷನ್ ಕೊಡ್ತಾರ, ಏನೂ ಗೊತ್ತಾಗಂಗಿಲ್ಲ,” ಎಂದೆ.

“ಅಕಿಗಿ ಯಾರ ಕೊಟ್ಟಿದ್ರು ಇಂಜಕ್ಷನ್?”

“ಯಾರಿಗಿ?”

“ಗ್ವಾಡಿ ಆಚಿನಕಿಗಿ.”

ಅಕ್ಕ ಡಾಕ್ಟರ ಮುಖ ನೋಡಿ ನಗಲು ಯತ್ನಿಸಿದಳು. “ಅವ್ವಾ, ಅದು ಯಾವ ಕಾಲದ ಮಾತು ಈಗ? ಅವರಿಗಿ ಇನ್ನಾ ಪೇಶೆಂಟ್ ಇದ್ದಾರ, ಬಾಯಿ ತಗೀ.”

ದೊಡ್ಡವ್ವ ತೆಗೆಯಲಿಲ್ಲ. ನನ್ನ ಮನೆಗೆ ಬಂದ ಮೇಲೆ, ಕೆಂಪು ಬಾಳೆಹಣ್ಣು ಕಿವುಚಿ ಹಾಲಿನಲ್ಲಿ ಕಲಸಿ ಕೊಟ್ಟರೆ ಅದನ್ನೂ ದೂರ ಸರಿಸಿದಳು.

“ನಾನ ಕೀಳಿಸ್ದೆ ಅಕಿ ಹಲ್ಲ. ನನ್ನ ಮಗಳ ಅರಿವಿ ಸುಡ್ಲಾಕತ್ತಿದ್ವು, ಕಿತ್ರ ಮುಗೀತದ ಅಂತ ನಾನ ಅಂದೆ. ಮಂದೀನ ಕಳಿಸಿ ಒಳಗ ಕೂತೆ, ಮತ್ತ ಅಕಿ ಮಾರಿ ನೋಡ್ಲಿಲ್ಲ. ಈಗ ನಂದು ಬಂದದ. ಇದು ನೋಯ್ಲಿ. ನೋಯಿಸ್ಕೊಂಡ ಹೋಗ್ತೀನಿ.”

“ದೇವರು ಹಲ್ಲಿನ ಲೆಕ್ಕ ಇಟ್ಕೊಂಡ ಕೂತಿರ್ತಾನೇನ ದೊಡ್ಡವ್ವಾ?”

“ನೀ ಇಟ್ಟಿಲ್ಲೇನು?” ಎಂದಳು.

ನಾನು ಈ ವಿಷಯ ಅವಳ ಮುಂದೆ ಒಂದು ದಿನವೂ ಎತ್ತಿರಲಿಲ್ಲ. ಆದರೂ ಅವಳಿಗೆ ಗೊತ್ತಿತ್ತು.

ಅಡುಗೆಮನೆಗೆ ಹೋಗಿ ಅಕ್ಕನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ಅವತ್ತ ನೀ ನೋಡೀಯೇನಕ್ಕಾ?”

“ನನ್ನ ಒಳಗ ಹಾಕಿ ಬಾಗಲಾ ಹಾಕಿದ್ರು. ನಾ ಏನ ನೋಡ್ಲಿ?”

“ಒಂದು ತಾಟಿನ್ಯಾಗ ಕೆಂಪ ನೀರಿತ್ತು. ಎರಡು ಹಲ್ಲ ಇದ್ವು.”

“ಕೆಂಪ ನೀರಾ?” ರೊಟ್ಟಿ ಬಡಿಯುವುದು ನಿಂತಿತು. “ಅದು ನಂಗ ದೃಷ್ಟಿ ತಗದ ನೀರಿರಬೇಕೋ. ಅರಿಷಿಣಕ್ಕ ಸುಣ್ಣ ಕಲಸಿದ್ರ ಕೆಂಪಾಗ್ತದಲ್ಲ. ಅವ್ವ ಅದರಾಗ ಬಳ್ಳೊಳ್ಳಿ ಎಸಳ ಹಾಕ್ತಿದ್ಳು. ದಿನಾ ತಗೀತಿದ್ಳು ಆವಾಗ.”

“ಎಷ್ಟ ಎಸಳು?”

“ನನಗೇನ ಗೊತ್ತು? ದೃಷ್ಟಿ ತಗೀಮುಂದ ಎಣಸ್ಕೋತ ಕೂಡ್ಲಾ?”

ಕೇಳಬಾರದೆಂದುಕೊಂಡದ್ದನ್ನೂ ಕೇಳಿಬಿಟ್ಟೆ. “ಅರಿವಿ ನೀನ ಸುಟ್ಟೀಯೇನು?”

ಅಕ್ಕ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಸುಟ್ಟಿರಬೇಕು. ನೆನಪಿಲ್ಲ. ಕಡ್ಡಿಪೆಟ್ಟಿಗಿ ವಾಸ್ನಿ ಮಾತ್ರ ನೆನಪದ. ಆದ್ರ ಆ ವಾಸ್ನಿ ಒಲಿ ಹಚ್ಚೋ ಎಲ್ಲಾರಿಗೂ ನೆನಪಿರ್ತದ.” ರೊಟ್ಟಿ ಬುಟ್ಟಿಗೆ ಹಾಕಿ ಹೇಳಿದಳು, “ನೀ ಎಂ.ಎ. ಓದಿ ಬಂದ ಮ್ಯಾಲ ನನ್ನ ನೋಡೋ ನೋಟಾನೇ ಬ್ಯಾರೆ ಆತು ತಮ್ಮಾ. ನಂಗ ನನ್ನ ಮ್ಯಾಲ ಸಂಶೇ ಶುರುವಾಗಿದ್ದು ಆವಾಗಿಂದ. ನಂದು ಬಿಡು. ಅವ್ವ ಉಣವಲ್ಲಳು, ಅದಕ್ಕೊಂದು ದಾರಿ ನೋಡು. ಹಲ್ಲ ಕೀಳೋ ಪಕ್ಕಡ ತರ್ಲಾಕ ಸೈಕಲ್ ಅಂಗಡಿ ಚಾಚಾಗ ಹೇಳಿದ್ರಂತ ಕೇಳಿದ್ದೆ. ಅಂವಗ ಗೊತ್ತಿರ್ತದ.”

ಕಮಲಾಪುರದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಆ ಚಾಚಾ ಈಗ ತಾಜಸುಲ್ತಾನಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋಗಿ ಯಾರೆಂದು ಹೇಳಿಕೊಂಡೆ.

“ಅರೇ, ಬ್ರೇಕ್ ಇಲ್ಲದ ಸೈಕಲ್ ತೊಗೊಂಡ ಹೋಗಿ ಬಾಳಿ ತ್ವಾಟದಾಗ ಬಿದ್ದಾವ್ರೇನ್ರಿ ನೀವು?”

“ಬ್ರೇಕ್ ಇಲ್ಲ ಅಂತ ನೀವು ಹೇಳಿದ್ದಿಲ್ಲ ಚಾಚಾ.”

“ಹೇಳಿದ್ರ ಯಾರ್ ಒಯ್ತಿದ್ರು ಸಾಹೇಬ್ರ?”

ಚಹಾ ಬಂತು. ನಾನು ಪಕ್ಕಡದ ಮಾತು ತೆಗೆದೆ. ಅವರ ನಗು ನಿಂತಿತು. ಒಳಗಿದ್ದ ಮಗಳ ಕಡೆ ನೋಡಿ ದನಿ ಇಳಿಸಿದರು.

“ಕರೆದ್ರು, ಹೋದೆ. ಪಕ್ಕಡ ಎಲ್ಲಿ ಅಂದ್ರು. ಮನ್ಯಾಗ ಅದ, ತರ್ತೀನಿ ಅಂದೆ. ಕಿಸೇದಾಗೇ ಇತ್ತು ಅದು. ಸೀದಾ ಬಸ್‌ಸ್ಟ್ಯಾಂಡಿಗಿ ಹೋದೆ. ಗುಲ್ಬರ್ಗಾ ಬಸ್ ನಿಂತಿತ್ತು, ಹತ್ತಿಬಿಟ್ಟೆ. ವಾರಾನ ತನಾ ಊರಿಗಿ ಬರ್ಲಿಲ್ಲ.”

“ಅಕಿನ ಉಳಸ್ಬೇಕಂತ ಓಡಿ ಹೋದ್ರೇನು?”

“ಸುಳ್ಳ ಯಾಕ ಹೇಳ್ಲಿ? ರಕ್ತ ನೋಡಿದ್ರ ನಂಗ ಚಕ್ಕರ್ ಬರ್ತದ. ಬಕ್ರೀದ್ ದಿನಾ ಕುರಿ ಕೊಯ್ಯೋಮುಂದ ನಾ ಅಂಗಡ್ಯಾಗ ಹೋಗಿ ಕೂಡ್ತಿದ್ದೆ. ನನ್ನ ಹೆಂಡ್ತಿ ಸಾಯೋತನಾ ನಕ್ಕಳು.”

ನನ್ನ ಹಳೆಯ ಅಧ್ಯಾಯದ ಚಟ ಬಿಡಲಿಲ್ಲ. ಅಷ್ಟು ಒಳ್ಳೆಯ ಜನಕ್ಕೆ ಅವತ್ತು ಅಂಥ ಬುದ್ಧಿ ಎಲ್ಲಿಂದ ಬಂತು ಎಂದು ಕೇಳಿದೆ.

“ಶೈತಾನ. ಮತ್ಯಾರು? ಆದ್ರ ಅಂವ ಕಿವ್ಯಾಗ ಊದ್ತಾನ ಅಷ್ಟ, ಅಂವಗ ಕೈ ಇಲ್ಲ.”

“ನಿಮ್ಮ ಕಿವ್ಯಾಗ ಊದ್ಲಿಲ್ಲೇನು?”

“ಊದಿರಬೇಕ್ರಿ. ಬಸ್ಸಿನ ಗದ್ಲದಾಗ ಕೇಳ್ಸಿಲ್ಲ.”

ಇಬ್ಬರೂ ನಕ್ಕೆವು. ಆದರೆ ಪಕ್ಕಡ ಇಟ್ಟವರು ಊರಲ್ಲಿ ಅವರೊಬ್ಬರೇ ಆಗಿರಲಿಲ್ಲ, ಬಡಿಗೇರ ಮನೆಯಲ್ಲೂ ಇತ್ತು ಎಂದು ಅವರೇ ಹೇಳಿದರು. ವಾರ ಬಿಟ್ಟು ತಿರುಗಿ ಬಂದಾಗ ಏನಾಯಿತೆಂದು ಇವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. “ಅಕಿನ್ನೇ ಕೇಳ್ರಿ. ಕುಸನೂರದಾಗ ಮಗನ ಮನ್ಯಾಗ ಇದ್ದಾಳ,” ಎಂದರು.

ಕುಸನೂರ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇದೆ. ಕೆಡುಕಿನ ಮೂಲದ ಬಗ್ಗೆ ಅಧ್ಯಾಯ ಬರೆಯುತ್ತಿದ್ದ ದಿನಗಳಲ್ಲಿ ಚಹಾ ಕುಡಿಯಲು ನಾನು ಹೋಗುತ್ತಿದ್ದದ್ದು ಆ ಊರಿಗೇ. ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ ಕಾಕಿ ಎರಡು ಓಣಿ ಆಚೆ ಇದ್ದಿರಬಹುದು.

ಚಾಚಾ ಹೇಳಿದ್ದನ್ನು ದೊಡ್ಡವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. ನಾನೇ ಹೋಗಿ ಕೇಳಿ ಬರುತ್ತೇನೆ ಎಂದಾಗ, “ನಾನೂ ಬರ್ತೀನಿ. ಬೈದ್ರ ನನ್ನ ಬೈಲಿ,” ಎಂದು ಬಾತ ಗದ್ದಕ್ಕೆ ಸೆರಗು ಸುತ್ತಿಕೊಂಡಳು. ಅಕ್ಕನೂ ಹೊರಟಳು. ಮೂವರೂ ಆಟೋ ಹತ್ತಿದೆವು.

ಕಾಕಿಯ ಮಗನ ಮನೆಯ ಮೇಲಿನ ಅಂತಸ್ತು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಹೋಗಿದೆ. ಕೆಳಗೆ ಪಡಸಾಲೆಯಲ್ಲಿ ಕಾಕಿ ಹೊರಸಿನ ಮೇಲೆ ಕೂತಿದ್ದಳು. ಮಗ ಕೆಲಸಕ್ಕೆ ಹೋಗಿದ್ದ. ನಾನು ಹಾಗೆ ಮಾಡಬಾರದಾಗಿತ್ತು, ಆದರೂ ಮೊದಲು ಅವಳ ಬಾಯಿಯನ್ನೇ ನೋಡಿದೆ. ಒಂದು ಹಲ್ಲೂ ಇರಲಿಲ್ಲ. ಆ ವಯಸ್ಸಿಗೆ ಇರುವುದೂ ಇಲ್ಲ. ಕಿತ್ತ ಹಲ್ಲಿಗೂ ಉದುರಿದ ಹಲ್ಲಿಗೂ ಬೊಚ್ಚು ಬಾಯಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಕಾಕಿ ದೊಡ್ಡವ್ವನನ್ನು ಬಾಗಿಲಲ್ಲೇ ಗುರುತಿಸಿದಳು. “ಬಾ. ಒಂದು ಗ್ವಾಡಿ ದಾಟ್ಲಾಕ ಇಷ್ಟ ವರ್ಷ ಹಿಡೀತೇನ ನಿಂಗ?”

ದೊಡ್ಡವ್ವ ಹೊರಸಿನ ತುದಿಗೆ ಕೂತಳು.

“ಗದ್ದ ಯಾಕ ಬಾತದ?”

“ಹಲ್ಲು.”

“ಕೀಳಸ್ಕೋ ಮತ್ತ. ನಾ ಎಲ್ಲಾ ಕೀಳಸ್ಕೊಂಡ ಆರಾಮ ಇದ್ದೀನಿ ನೋಡು.”

ದೊಡ್ಡವ್ವ ಅಳತೊಡಗಿದಳು. “ನಿನ್ನ ಹಲ್ಲ ಕೀಳಿಸ್ದಾಕಿ ನಾನ ಅಲ್ಲೇನು? ನಂದು ಹಿಂಗೇ ನೋಯ್ಲಿ ಬಿಡು.”

ಕಾಕಿ ನಮ್ಮ ಮೂವರ ಮುಖವನ್ನೂ ನೋಡಿದಳು. “ನೀ ಎಲ್ಲಿ ಕೀಳಿಸ್ದಿ? ಪಕ್ಕಡ ತರ್ಲಾಕ ಹೋದಾಂವ ಇನ್ನಾ ಬಂದಿಲ್ಲ.”

ಅಕ್ಕನಿಗೆ ನಗು ಬಂತು, ಬಾಯಿಗೆ ಸೆರಗು ಹಿಡಿದಳು. ಕಾಕಿ ನಗಲಿಲ್ಲ. ಆ ಮಧ್ಯಾಹ್ನವನ್ನು ಹೇಳಿದಳು. ಎಲ್ಲರೂ ಅಂಗಳದಲ್ಲಿ ಕಾಯುತ್ತ ಕೂತಿದ್ದರಂತೆ. ಬಡಿಗೇರನ ಮನೆಗೂ ಒಬ್ಬ ಹೋಗಿದ್ದ, ಬಡಿಗೇರ ಊರಲ್ಲಿರಲಿಲ್ಲ. ಬಿಸಿಲಿಗೆ ಬಾಯಾರಿ ನೀರು ಕೇಳಿದರು. ಇವಳು ತಂಬಿಗೆಯಲ್ಲಿ ಕೊಟ್ಟಳು. ತಾವೇ ಕೇಳಿದ ನೀರನ್ನು ಯಾರೂ ಕುಡಿಯಲಿಲ್ಲ. ಸಂಜೆಗೆ ಎಮ್ಮೆ ಹಿಂಡುವ ಹೊತ್ತಾಯಿತೆಂದು ಒಬ್ಬೊಬ್ಬರೇ ಎದ್ದು ಹೋದರು.

ದೊಡ್ಡವ್ವನ ಭುಜ ಇಳಿಯುವುದನ್ನು ನಾನು ನೋಡಿದೆ. ಉಸಿರು ಬಿಟ್ಟಳು. ಬಂದ ಕೆಲಸ ಮುಗಿಯಿತು ಎಂದುಕೊಂಡೆ.

“ಹಲ್ಲಿಂದು ಬಿಡು,” ಎಂದಳು ಕಾಕಿ. “ಮರುದಿನ ಹೆಪ್ಪಿಗಂತ ಬಟ್ಟಲಾ ಗ್ವಾಡಿ ಮ್ಯಾಲ ಇಟ್ಟೆ. ಸಂಜಿಗಿ ನೋಡಿದ್ರ ಹಂಗೇ ಇತ್ತು. ಅದರ ಮರುದಿನಾನೂ ಇಟ್ಟೆ. ಬಾಳ ದಿನಾ ಇಟ್ಟೆ. ಬೆಕ್ಕ ಬಂದು ಮೂಸಿ ಹೋಗ್ತಿತ್ತು. ನೀ ಅಲ್ಲೇ ಅರಿವಿ ಒಣ ಹಾಕ್ತಿದ್ದಿ. ನೋಡ್ತಿದ್ದಿಲ್ಲ. ನಿನ್ನ ನೋಡಿ ಓಣ್ಯಾಗ ಎಲ್ಲಾರೂ ಬಿಟ್ರು. ನನ್ನ ಕೈಯಿಂದ ಉಪ್ಪ ಇಸ್ಕೊಳ್ಳೋರೂ ಇದ್ದಿಲ್ಲ. ಅದಕ್ಕ ಊರ ಬಿಟ್ಟೆ.”

“ಬಟ್ಟಲಾ ನಂಗ ನೆನಪಿಲ್ಲ,” ಎಂದಳು ದೊಡ್ಡವ್ವ, ಬಹಳ ಸಣ್ಣ ದನಿಯಲ್ಲಿ.

ನನಗೂ ನೆನಪಿರಲಿಲ್ಲ. ದಿನವೂ ಆ ಗೋಡೆಯ ಕೆಳಗೆ ಆಡುತ್ತಿದ್ದವನು ನಾನು. ನಡೆಯದ ರಕ್ತದ ಚಿತ್ರವನ್ನು ಇಬ್ಬರೂ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೆವು, ದಿನವೂ ನಡೆದದ್ದು ಇಬ್ಬರಿಗೂ ಅಳಿಸಿಹೋಗಿತ್ತು. ಇದಕ್ಕೆ ನನ್ನ ಶಾಸ್ತ್ರದಲ್ಲಿ ಹೆಸರಿದೆ, ಅಯ್ಯನವರ ಶಾಸ್ತ್ರದಲ್ಲಿಯೂ ಇದ್ದೀತು. ನಾನು ಕೆಡುಕಿನ ಮೂಲ ಹುಡುಕಿದ್ದು ಇಕ್ಕಳಕ್ಕೆ ಕಾದು ಕೂತ ಗುಂಪಿನಲ್ಲಿ. ಅವರು ಎಮ್ಮೆ ಹಿಂಡಲು ಎದ್ದು ಹೋಗಿದ್ದರು. ಬಟ್ಟೆ ಒಣಹಾಕುತ್ತ ಬಟ್ಟಲಿನ ಕಡೆ ನೋಡದಿರುವುದಕ್ಕೆ ಶೈತಾನ ಊದಬೇಕಾಗಿರಲಿಲ್ಲ, ಮನಸ್ಸು ಏನನ್ನೂ ಅದುಮಬೇಕಾಗಿರಲಿಲ್ಲ. ಅದು ಬಹಳ ಸುಲಭದ ಕೆಲಸ. ನಾನು ಬರೆದ ಯಾವ ಅಧ್ಯಾಯಕ್ಕೂ ಅಷ್ಟು ಸುಲಭದ ಕೆಡುಕು ಬೇಕಾಗಿರಲಿಲ್ಲ.

ಹೊರಡುವಾಗ ದೊಡ್ಡವ್ವ ಬಾಗಿಲಲ್ಲಿ ನಿಂತಳು. “ಒಂದು ಚೂರು ಹೆಪ್ಪ ಕೊಡ್ತೀಯೇನು?”

“ಎಲ್ಲೀ ಹೆಪ್ಪವ್ವ? ಮಗ ಪಾಕೀಟ ಮೊಸರ ತರ್ತಾನ. ನಮ್ಮ ಮನ್ಯಾಗ ಹೆಪ್ಪ ಹಾಕೋದು ಬಿಟ್ಟು ಎಷ್ಟೋ ವರ್ಷಾತು.”

ದೊಡ್ಡವ್ವ ಅಲ್ಲೇ ನಿಂತಿದ್ದಳು. ಕಾಕಿ ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಸ್ಟೀಲಿನ ಬಟ್ಟಲಿನಲ್ಲಿ ಪಾಕೀಟಿನ ಮೊಸರನ್ನೇ ಹಾಕಿ ತಂದಳು.

“ಬಟ್ಟಲಾ ತಿರಗಿ ಬರ್ಬೇಕು ಮತ್ತ,” ಎಂದಳು. ಅದು ಕ್ಷಮೆಯೋ ತಗಾದೆಯೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಆಟೋ ಕುಲುಕಿದಾಗಲೆಲ್ಲ ದೊಡ್ಡವ್ವ ಬಟ್ಟಲಿನ ಬಾಯಿಗೆ ಅಂಗೈ ಮುಚ್ಚುತ್ತಿದ್ದಳು. ಆ ಹೆಪ್ಪಿನಿಂದ ಮೊಸರು ಗಟ್ಟಿಯಾಗಲಿಲ್ಲ, ನೀರುನೀರಾಯಿತು. ಆದರೂ ಅನ್ನ ಮೆತ್ತಗೆ ಕಲಸಿಕೊಂಡು ಉಂಡಳು. ಮರುದಿನ ದವಾಖಾನೆಯಲ್ಲಿ ಇಕ್ಕಳ ನೋಡಿ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು. ಜ್ವರ ಇಳಿಯಿತು. ಬಾಯಲ್ಲಿ ಹತ್ತಿ ಇದ್ದಾಗಲೇ ಅವಳು ಅಕ್ಕನನ್ನು ಕೇಳಿದ್ದು, ಬಟ್ಟಲು ಯಾವಾಗ ಕೊಟ್ಟು ಬರೋಣ ಎಂದು.

ನನ್ನ ಸಂಶಯ ಮಾತ್ರ ಹೋಗಲಿಲ್ಲ. ಗದ್ದ ಬಾತು ಅಳುತ್ತ ಕೂತ ಮುದುಕಿಯನ್ನು ನೋಡಿ ಕಾಕಿ ಕನಿಕರದಿಂದ ಸುಳ್ಳು ಹೇಳಿರಬಹುದಲ್ಲ? ಬಟ್ಟಲು ಕೊಡಲು ಮತ್ತೆ ಕುಸನೂರಿಗೆ ಹೋದಾಗ ದೊಡ್ಡವ್ವ, ಕಾಕಿ ಒಳಗೆ ಮಾತಾಡುತ್ತಿದ್ದರು. ಕಾಕಿಯ ಮಗ ಮನೆಯಲ್ಲಿದ್ದ. ಪಡಸಾಲೆಯ ಗೋಡೆಯಲ್ಲಿ ಅವನ ಲಗ್ನದ ಫೋಟೋ ತೂಗುಹಾಕಿದ್ದರು. ಹಿಂದಿನ ಸಲ ಅದರ ಕೆಳಗೇ ಕೂತಿದ್ದೆ, ತಲೆ ಎತ್ತಿರಲಿಲ್ಲ. ಲಗ್ನ ಆದದ್ದು ಕಮಲಾಪುರ ಬಿಟ್ಟು ಕುಸನೂರಿಗೆ ಬಂದ ಎಷ್ಟೋ ವರ್ಷಗಳ ಮೇಲೆ ಎಂದು ಅವನನ್ನೇ ಕೇಳಿ ತಿಳಿದುಕೊಂಡೆ. ಆಮೇಲೆ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಸೊಸೆಯ ಪಕ್ಕದಲ್ಲಿ ನಿಂತು ಕಾಕಿ ಬಾಯಿ ತುಂಬ ನಗುತ್ತಿದ್ದಾಳೆ. ಮೇಲಿನ ಸಾಲಿನ ಮುಂದಿನ ಎರಡೂ ಹಲ್ಲು ಇವೆ.